ಅತ್ತೆ ಯಾರ ಪಾಲಿಗೆ

ಮಾರ್ಚ್ ೩, ಸೋಮವಾರ

ಟೈರ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಅಡುಗೆಮನೆಯ ಮೇಜಿನ ಕುಂಟು ಕಾಲಿನ ಕೆಳಗೆ ಬಿದ್ದಿತ್ತು. ಮೇಜಿಗಿಂತ ನನಗೇ ಅದರ ಅಗತ್ಯ ಹೆಚ್ಚು ಅನ್ನಿಸಿ ಇವತ್ತು ಎಳೆದುಕೊಂಡೆ. ಮೇಜು ಮತ್ತೆ ಅಲ್ಲಾಡುತ್ತಿದೆ, ಅಲ್ಲಾಡಲಿ.

ವಿಷಯ ಇಷ್ಟೇ. ನಾನೂ ನನ್ನ ಗಂಡನೂ ಬೇರೆಯಾಗುತ್ತಿದ್ದೇವೆ. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಇನ್ನೊಬ್ಬಳಿಲ್ಲ. ಕೇಳಿದವರಿಗೆ ಹೇಳಿಕೊಳ್ಳಲು ನೆಟ್ಟಗೆ ಒಂದು ಕಾರಣವನ್ನೂ ಉಳಿಸಿಹೋಗಲಿಲ್ಲ ಪುಣ್ಯಾತ್ಮ. ಕಳೆದ ಚಳಿಗಾಲದಲ್ಲಿ ಒಂದು ದಿನ ಎರಡು ಜೊತೆ ಬಟ್ಟೆ ಹಿಡಿದುಕೊಂಡು ತನ್ನ ವರ್ಕ್‌ಶಾಪಿನ ಹಿಂದಿನ ಕೋಣೆಗೆ ಹೋದವನು ಅಲ್ಲೇ ಉಳಿದುಬಿಟ್ಟ. ಹಲ್ಲಿನ ಡಾಕ್ಟರುಗಳಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವನ ಕಸುಬು. ಊರಿನವರೆಲ್ಲ ಬಾಯಿ ತುಂಬ ನಗಲಿ ಎಂದು ದುಡಿಯುವವನು ಮನೆಯಲ್ಲಿ ಬಾಯಿ ತೆರೆಯುತ್ತಿದ್ದುದು ಊಟಕ್ಕೆ, ಆಕಳಿಕೆಗೆ ಅಷ್ಟೇ. ಅದಕ್ಕೇ ನಾನಿಟ್ಟ ಹೆಸರು ಮೌನಿಬಾಬಾ. ನನ್ನ ಕಸುಬು ಡ್ರೈವಿಂಗ್ ಕಲಿಸುವುದು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದೆ ಇರುವುದಕ್ಕೇ ನನಗೆ ಸಂಬಳ.

ಅವನು ಹೋದ, ಅವನ ಅಮ್ಮ ನನ್ನ ಜೊತೆಯಲ್ಲೇ ಉಳಿದರು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಅವರ ಹಾಸಿಗೆ ಇಲ್ಲಿತ್ತು, ಅವರ ಧಾರಾವಾಹಿ ಇಲ್ಲಿನ ಟಿವಿಯಲ್ಲಿ ಬರುತ್ತಿತ್ತು, ಅದರ ನಾಯಕಿಯನ್ನು ಬೈಯಲು ಪಕ್ಕದಲ್ಲಿ ನಾನಿದ್ದೆ. ಈಗ ಮೌನಿಬಾಬಾ ನೆಲಮಹಡಿಯಲ್ಲಿ ಒಂದು ಮನೆ ಹಿಡಿದಿದ್ದಾನಂತೆ. ಅಮ್ಮ ಅಲ್ಲಿಗೇ ಬರಲಿ ಎಂದು ವಕೀಲರ ಕೈಲಿ ಹೇಳಿಸಿದ್ದಾನೆ.

ಫ್ರಿಜ್ ಒಯ್ಯಲಿ, ಸೋಫಾ ಒಯ್ಯಲಿ, ನನ್ನದೇನೂ ತಕರಾರಿಲ್ಲ. ಅತ್ತೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ನನ್ನ ಅಮ್ಮ ನಾನು ಸ್ಕೂಲಿನಲ್ಲಿದ್ದಾಗಲೇ ಹೋದಳು. ಈ ಮನೆಗೆ ಬಂದ ಮೇಲೆಯೇ ನನಗೆ ಮತ್ತೆ ‘ಉಂಡೆಯೇನೇ’ ಎಂದು ಕೇಳುವವರು ಸಿಕ್ಕಿದ್ದು. ಕೋರ್ಟಿಗೆ ಹೋಗುವ ಮುಂಚೆ ಮಧ್ಯಸ್ಥಿಕೆಯವರ ಹತ್ತಿರ ಕೂತು ಮಾತಾಡಿ ನೋಡಿ ಎಂದು ಇಬ್ಬರ ವಕೀಲರೂ ಹೇಳಿದ್ದಾರೆ. ನಾನು ತಯಾರು. ಮಾತಿನಲ್ಲಿ ನನ್ನನ್ನು ಗೆಲ್ಲಲು ಅವನಿಂದ ಆಗುತ್ತದೆಯೇ, ನೋಡೋಣ.

ಮಾರ್ಚ್ ೬, ಗುರುವಾರ

ಗೆಲ್ಲುವ ಮಾತು ಹಾಗಿರಲಿ, ಮಾತಾಡುವ ಸರದಿಯೇ ಬರಲಿಲ್ಲ.

ಮಧ್ಯಸ್ಥಿಕೆಯವರ ಕೋಣೆ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನ ಮೇಲಿದೆ. ಕೆಳಗಿನಿಂದ ಯಾರೋ ‘ಅಯ್ಯೋ’ ಎನ್ನುವುದು ಆಗಾಗ ಕೇಳಿಸುತ್ತದೆ. ಒಂದು ದುಂಡು ಮೇಜು, ಮೂರು ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ. ಮಧ್ಯಸ್ಥಿಕೆ ಮಾಡುವಾಕೆ ಗಿಡ್ಡಗೆ, ಕನ್ನಡಕವನ್ನು ಸರಕ್ಕೆ ಸಿಕ್ಕಿಸಿ ಕೊರಳಲ್ಲಿ ಇಳಿಬಿಟ್ಟುಕೊಂಡಿದ್ದಾರೆ. ನಾನು ಆಗಲೇ ಅವರಿಗೆ ರೆಫರಿ ಎಂದು ಹೆಸರಿಟ್ಟಾಯಿತು.

“ಯಾರು ಸರಿ ಯಾರು ತಪ್ಪು ಅಂತ ನಾನು ಹೇಳಲ್ಲ. ನಿಮ್ಮನ್ನ ಮತ್ತೆ ಒಂದು ಮಾಡೋದೂ ನನ್ನ ಕೆಲಸ ಅಲ್ಲ,” ಅಂದರು ಆಕೆ. “ಬೇರೆ ಆಗೋದಾದ್ರೂ ಮಾತಾಡ್ಕೊಂಡೇ ಆಗ್ಬೇಕಲ್ಲ, ಅದಕ್ಕೆ ನಾನಿರೋದು. ಇಲ್ಲಿ ಒಂದೇ ನಿಯಮ. ಒಬ್ರು ಹೇಳಿದ್ದನ್ನ ಇನ್ನೊಬ್ರು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ಹೇಳಿದವರು ‘ಹೌದು’ ಅಂದ ಮೇಲೇನೇ ಇವರ ಸರದಿ.”

ಇದೇನು ಮಹಾ ಎಂದುಕೊಂಡೆ. ಮೌನಿಬಾಬಾ ಮೊದಲು ಶುರು ಮಾಡಿದ. ಅವನು ಶುರು ಮಾಡುವುದೆಂದರೆ ಚಳಿಗಾಲದ ಬೆಳಿಗ್ಗೆ ಹಳೇ ಕಾರು ಸ್ಟಾರ್ಟ್ ಮಾಡಿದ ಹಾಗೆ. ಕೊನೆಗೂ ಅಂದ, “ಅಮ್ಮನಿಗೆ ಮಂಡಿನೋವು. ಮೂರನೇ ಮಹಡಿ ಹತ್ತಿಳಿಯೋದು ಕಷ್ಟ. ಅದಕ್ಕೇ ಕೆಳಗಡೆ ಮನೆ ನೋಡಿದೆ.”

“ನನಗೆ ಅವರನ್ನ ನೋಡ್ಕೊಳ್ಳೋಕೆ ಬರಲ್ಲ ಅಂತಿದ್ದಾನೆ,” ಅಂದೆ ನಾನು.

ರೆಫರಿ ಅವನ ಕಡೆ ನೋಡಿದರು. ಅವನು ತಲೆಯಾಡಿಸಿದ. “ಹಾಗಂದಿಲ್ಲ.”

“ಲಿಫ್ಟ್ ಇಲ್ಲದ ಮನೆ ಹಿಡಿದಿದ್ದು ನಾನು, ತಪ್ಪೆಲ್ಲ ನಂದೇ ಅಂತಿದ್ದಾನೆ.”

“ಹಾಗೂ ಅಂದಿಲ್ಲ.”

“ಹಾಗಾದ್ರೆ ಇಷ್ಟು ವರ್ಷ ಇಲ್ಲದ ಮಂಡಿ ಕಾಳಜಿ ಈಗ ಎಲ್ಲಿಂದ ಬಂತು ಅಂತ ಕೇಳಿ ಅವನನ್ನ.”

“ಅದು ತಿರುಗಿ ಹೇಳಿದ್ದಲ್ಲ, ತಿರುಗಿ ಬಿದ್ದಿದ್ದು,” ಅಂದರು ರೆಫರಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಅವನಿಂದ ಒಂದೇ ಒಂದು ‘ಹೌದು’ ಹೊರಡಿಸಲು ಆಗದೆ ವೇಳೆ ಮುಗಿಯಿತು. ಲೈಸೆನ್ಸ್ ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳು ಫೇಲಾಗಿ ಬಂದಾಗ ಹೇಗೆ ಬೈಯುತ್ತೇನೆ ಎಂದು ನೆನಪಾಗಿ ಮೈಯೆಲ್ಲ ಉರಿಯಿತು.

ಮಾರ್ಚ್ ೭, ಶುಕ್ರವಾರ

ಕ್ಯಾಷಿಯರನ ಕ್ಲಾಸು. ಬ್ಯಾಂಕಿನಲ್ಲಿ ದಿನವಿಡೀ ನೋಟು ಎಣಿಸುವ ಈ ಮನುಷ್ಯ ತಿರುವು ಬಂತೆಂದರೆ ಬೆವರುತ್ತಾನೆ. ನಮ್ಮ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇವನ ಕ್ಲಾಸಿನಲ್ಲಿ ಅದರ ಮೇಲಿಂದ ನನ್ನ ಕಾಲು ಏಳುವುದೇ ಇಲ್ಲ. “ನಾನು ಯೋಚ್ನೆ ಮಾಡೋ ಹೊತ್ತಿಗೆ ನೀವು ನಿಲ್ಲಿಸಿಬಿಡ್ತೀರ ಮೇಡಂ,” ಅಂದ ಪಾಪ. ಯೋಚನೆ ಮಾಡಿಕೊಂಡು ಕೂತರೆ ಎದುರಿಗೆ ಬರುವ ಲಾರಿ ಕಾಯುತ್ತದೆಯೇ ಅಂದೆ.

ಮಾರ್ಚ್ ೧೬, ಭಾನುವಾರ

ಮೌನಿಬಾಬಾನ ದರ್ಶನವಾಯಿತು, ಅದೂ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು.

ಬಚ್ಚಲಮನೆಯ ನಲ್ಲಿ ಸೋರುತ್ತಿದೆ. ಮೊನ್ನೆ ಅತ್ತೆ ಅವನ ವರ್ಕ್‌ಶಾಪಿಗೆ ಹೊರಟಾಗ, “ನಿಮ್ಮ ಮಗನಿಗೆ ಹೇಳಿ, ಅವನು ಹಾಕಿಸಿದ ನಲ್ಲಿಯೂ ಅವನ ಹಾಗೇ ಬೇಡದಾಗ ಸುರಿಯುತ್ತೆ, ಬೇಕಾದಾಗ ನಿಲ್ಲುತ್ತೆ, ಪ್ಲಂಬರ್ ಕರೆಸ್ತಿದ್ದೀನಿ ಅಂತ,” ಅಂದಿದ್ದೆ. ಅವನು ಮನೆ ಬಿಟ್ಟಾಗಿನಿಂದ ನಮ್ಮಿಬ್ಬರ ಮಾತುಕತೆ ನಡೆಯುವುದು ಅತ್ತೆಯ ಮೂಲಕವೇ. ನಾನು ‘ನಿಮ್ಮ ಮಗನಿಗೆ ಹೇಳಿ’ ಅನ್ನುತ್ತೇನೆ, ಅವನು ‘ನಿನ್ನ ಸೊಸೆಗೆ ಹೇಳು’ ಅನ್ನುತ್ತಾನೆ, ಅತ್ತೆ ಅತ್ತಿಂದಿತ್ತ ಹೊರುತ್ತಾರೆ.

ಅಷ್ಟು ಹೇಳಿಸಿದ ಮೇಲೂ ಯಜಮಾನನ ಠೀವಿಯಲ್ಲಿ ಬಂದು ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ? “ಯಾರು ಕರೆದ್ರು ನಿನ್ನ?” ಎಂದು ಬಾಗಿಲಲ್ಲೇ ಕೇಳಿದೆ. ಅವನು ಒಮ್ಮೆ ಅತ್ತೆಯ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಸ್ಪ್ಯಾನರನ್ನು ಚಪ್ಪಲಿ ಗೂಡಿನ ಮೇಲಿಟ್ಟು ಬಂದ ದಾರಿ ಹಿಡಿದ. ಅತ್ತೆ ಸಂಜೆ ಧಾರಾವಾಹಿಯ ನಾಯಕಿಯನ್ನೂ ಬೈಯಲಿಲ್ಲ.

ನಲ್ಲಿ ಇನ್ನೂ ಸೋರುತ್ತಿದೆ.

ಮಾರ್ಚ್ ೨೦, ಗುರುವಾರ

ಇವತ್ತು ಮೌನಿಬಾಬಾ ಮಾತಾಡುತ್ತಿದ್ದವನು ಮಧ್ಯದಲ್ಲಿ ನಿಲ್ಲಿಸಿ ಮೇಜಿನ ಕೆಳಗೆ ಬಗ್ಗಿ ನೋಡಿದ.

“ಏನಾಯ್ತು?” ಅಂದರು ರೆಫರಿ.

“ಬ್ರೇಕ್ ಒತ್ತಿದಳು,” ಅಂದ.

ನಾನೂ ನೋಡಿಕೊಂಡೆ. ನನ್ನ ಬಲಗಾಲು ನೆಲಕ್ಕೆ ಬಲವಾಗಿ ಊರಿಕೊಂಡಿತ್ತು, ಹೆಬ್ಬೆರಳು ಚಪ್ಪಲಿಯಿಂದ ಹೊರಬಂದಿತ್ತು.

“ಮನೇಲೂ ಹೀಗೇ. ನಾನು ಬಾಯಿ ತೆಗೆದ್ರೆ ಅವಳ ಕಾಲು ಕೆಳಗೆ ಹೋಗುತ್ತೆ. ಅದು ಕಂಡ ತಕ್ಷಣ ನನ್ನ ಮಾತು ನಿಂತುಹೋಗುತ್ತೆ.”

ಇಷ್ಟು ವರ್ಷ ಸಂಸಾರ ಮಾಡಿ ಇದನ್ನು ಒಂದು ದಿನವೂ ಹೇಳಿಲ್ಲ ಈ ಮನುಷ್ಯ. ಹೇಳಲು ಬಿಟ್ಟಿದ್ದರೆ ತಾನೇ ಎಂದು ಯಾರಾದರೂ ಕೇಳಬಹುದು. ಕೇಳಿಕೊಳ್ಳಲಿ.

ರೆಫರಿ ಹೊಸ ನಿಯಮ ಸೇರಿಸಿದರು. ಅವನು ‘ಮುಗೀತು’ ಎನ್ನುವವರೆಗೆ ನಾನು ಬಾಯಿ ತೆಗೆಯಬಾರದು. ನಾನು ‘ಮುಗೀತು’ ಅಂದಾಗ ಅವನು ಗೋಡೆ ನೋಡುತ್ತಾ ಕೂರಬಾರದು, ಏನಾದರೂ ಹೇಳಲೇಬೇಕು. ಕಾಯುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಅವನ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ನಾನು ಪ್ಲಾಸ್ಟಿಕ್ ಗಿಡದ ಎಲೆಗಳ ಮೇಲಿನ ಧೂಳನ್ನೆಲ್ಲ ಮನಸ್ಸಿನಲ್ಲೇ ಒರೆಸಿ ಮುಗಿಸಿದೆ.

ಕಾದಿದ್ದಕ್ಕೆ ಒಂದು ಮಾತು ಸಿಕ್ಕಿತು. “ನಾನು ಅಮ್ಮನ್ನ ನಿನ್ನಿಂದ ಕಿತ್ಕೊಳ್ತಿಲ್ಲ. ನಂಗೆ ಬೇರೆ ಯಾರೂ ಇಲ್ಲ. ಮುಗೀತು.”

“ನನ್ನಿಂದ ಕಿತ್ಕೊಳ್ತಿಲ್ಲ. ನಿನಗೆ ಬೇರೆ ಯಾರೂ ಇಲ್ಲ,” ಅಂದೆ. ನನಗೂ ಇಲ್ಲವಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ಹೌದು,” ಅಂದ.

ಮೊದಲ ಹೌದು. ಕೆಳಗಿನ ಕ್ಲಿನಿಕ್ಕಿನಲ್ಲಿ ಯಾರೋ ‘ಅಮ್ಮಾ’ ಎಂದು ನರಳಿದರು.

ಮಾರ್ಚ್ ೨೮, ಶುಕ್ರವಾರ

ಅತ್ತೆ ವರ್ಕ್‌ಶಾಪಿಗೆ ಹೋಗಿಬಂದರೆ ಕೈಯಲ್ಲಿ ಒಂದು ಚೀಲ ಕಿತ್ತಳೆ ಇದ್ದೇ ಇರುತ್ತದೆ. “ಪುಟ್ಟು ಕಳಿಸಿದ, ನಿನಗೆ ಇಷ್ಟ ಅಂತ,” ಅನ್ನುತ್ತಾರೆ. ಪುಟ್ಟು ಎಂದರೆ ಅವರ ಆರಡಿ ಎತ್ತರದ, ಅರ್ಧ ತಲೆ ನರೆತ ಮಗ. ಹಣ್ಣು ಕಳಿಸಿ ನನ್ನನ್ನು ಮೆತ್ತಗೆ ಮಾಡಿ ಅತ್ತೆಯನ್ನು ಹಾರಿಸಿಕೊಂಡು ಹೋಗುವ ಉಪಾಯ ಇದು ಎಂದು ನನಗೆ ಗೊತ್ತಿಲ್ಲವೇ? ಹಣ್ಣೇನು ಪಾಪ ಮಾಡಿದೆ ಎಂದು ತಿಂದೆ. ಸಿಹಿಯಾಗಿತ್ತು.

ಅತ್ತೆ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತವರು ಬಹಳ ಹೊತ್ತು ಮಂಡಿ ನೀವಿಕೊಳ್ಳುತ್ತಿದ್ದರು. ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಈ ಮೊದಲೂ ಹೀಗೇ ಇತ್ತೇ, ನಾನೇ ನೋಡಿರಲಿಲ್ಲವೇ?

ಏಪ್ರಿಲ್ ೩, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ನನ್ನ ಸರದಿ ಬಂದ ಕೂಡಲೇ ಹೇಳಿದೆ, “ಕಿತ್ತಳೆ ಕಳಿಸೋದನ್ನ ನಿಲ್ಸು. ಹಣ್ಣಿಗೆ ನಾನು ಬಗ್ಗಲ್ಲ. ಮುಗೀತು.”

ತಿರುಗಿ ಹೇಳಬೇಕಾದವನು ನಿಯಮ ಮರೆತು ಕೇಳಿದ, “ಯಾವ ಕಿತ್ತಳೆ?”

“ಪ್ರತಿ ವಾರ ಕಳಿಸ್ತೀಯಲ್ಲ, ಅದು.”

“ನಾನು ಯಾವತ್ತೂ ಕಳಿಸಿಲ್ಲ. ನೀನು ಸ್ವೆಟರ್ ಕಳಿಸಿದ್ಯಲ್ಲ, ಅದಕ್ಕೆ ಏನಾದ್ರೂ ವಾಪಸ್ ಕಳಿಸ್ಬೇಕು ಅಂತ ಅಂದ್ಕೊಳ್ತಾನೇ ಇದ್ದೆ.”

“ಯಾವ ಸ್ವೆಟರ್?”

ರೆಫರಿ ಕನ್ನಡಕ ಏರಿಸಿಕೊಂಡರು. ಒಂದೊಂದಾಗಿ ತಿರುಗಿ ಹೇಳುತ್ತಾ ಹೋದಂತೆ ಗಂಟು ಬಿಚ್ಚಿಕೊಂಡಿತು. ನಲ್ಲಿಯ ಬಗ್ಗೆ ನಾನು ಹೇಳಿಸಿದ್ದು ಅವನಿಗೆ ತಲುಪಿದ ರೂಪ ಹೀಗಿತ್ತು: ‘ಬೇರೆಯವರ ಕೈಲಿ ಮಾಡಿಸೋಕೆ ಅವಳಿಗೆ ಮನಸ್ಸಿಲ್ಲ, ನೀನೇ ಬಂದು ನೋಡಬೇಕಂತೆ.’ ಮನೆ ಖಾಲಿ ಖಾಲಿ ಅನ್ನಿಸುತ್ತದೆ ಎಂದು ನಾನು ಕಣ್ಣೀರು ಹಾಕಿದೆನಂತೆ. ಅವನ ಕಪಾಟು ಖಾಲಿಯಾಗಿದ್ದರಿಂದ ನನ್ನ ಬಟ್ಟೆಗೆ ಜಾಗವಾಯಿತು ಎಂದು ನಾನು ಹೇಳಿಸಿದ್ದು ಅದು. ಇತ್ತ, ನಾನು ಸೊರಗಿದ ಸುದ್ದಿ ಕೇಳಿ ಅವನು ಊಟ ಬಿಟ್ಟು ಕೂತಿದ್ದಾನೆ ಎಂದು ಅತ್ತೆ ನನಗೆ ಹೇಳಿದ್ದರು. ಆ ವಾರ ಅವನಿಗೆ ಹೊಟ್ಟೆ ಕೆಟ್ಟಿತ್ತಂತೆ.

“ಅಂದ್ರೆ ಇಷ್ಟು ದಿನ ನಾವು ಜಗಳ ಆಡಿದ್ದು ಯಾರ ಜೊತೆ?” ಅಂದೆ.

ಅವನು ಯೋಚಿಸಿದ. ನಾನು ಕಾದೆ. “ಅಮ್ಮ ಹೇಳಿದ ಥರಾ ಇದ್ದಿದ್ರೆ ನಾವು ಬೇರೆನೇ ಆಗ್ಬೇಕಿರ್ಲಿಲ್ಲ,” ಅಂದ.

ಮೊದಲು ನಕ್ಕಿದ್ದು ಅವನು. ಅವನಿಗೆ ನಗು ಬಂದರೆ ಭುಜ ಅಲುಗಾಡುತ್ತದೆ, ಸದ್ದು ಬರುವುದಿಲ್ಲ. ನನಗೆ ಸದ್ದೇ ಮೊದಲು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ರೆಫರಿ ತಾವೂ ನಕ್ಕು ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು.

ಆಮೇಲೆ ಆಕೆ ಕೇಳಿದ ಪ್ರಶ್ನೆಗೆ ನಗು ಜರ್ರನೆ ಇಳಿಯಿತು. “ಈ ಗುರುವಾರಗಳ ಬಗ್ಗೆ ಅವರಿಗೆ ಏನು ಹೇಳಿದ್ದೀರಿ?”

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಾನು ಅವನು ಹೇಳಿರುತ್ತಾನೆ ಎಂದುಕೊಂಡಿದ್ದೆ, ಅವನ ತಾಯಿಯಲ್ಲವೇ. ಅವನು ನಾನು ಹೇಳಿರುತ್ತೇನೆ ಎಂದುಕೊಂಡಿದ್ದ, ನಾನು ಹೇಳದೆ ಬಿಡುವ ಮಾತಿದೆಯೇ. ಇಡೀ ಮನೆಯ ಮಾತನ್ನೆಲ್ಲ ಅತ್ತೆಯ ತಲೆಯ ಮೇಲೆ ಹೊರಿಸಿದೆವು. ನಾವು ಬೇರೆಯಾಗುತ್ತಿದ್ದೇವೆ ಎಂಬುದೊಂದನ್ನು ಅವರಿಗೇ ಯಾರೂ ಹೇಳಿಲ್ಲ. ಗುರುವಾರ ಇಬ್ಬರೂ ಕೂತು ಮಾತಾಡುತ್ತಾರಂತೆ ಎಂದಷ್ಟೇ ಅವರಿಗೆ ಗೊತ್ತು. ಅದಕ್ಕೇ ಗುರುವಾರ ಬಂತೆಂದರೆ ನನಗೆ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗು ಅನ್ನುತ್ತಿದ್ದರು.

ಏಪ್ರಿಲ್ ೪, ಶುಕ್ರವಾರ

ಹೇಳೋಣ ಎಂದು ಬಾಯಿ ತೆರೆದೆ. ಅತ್ತೆ ಕಿತ್ತಳೆ ಸುಲಿದು ಕೈಗಿಟ್ಟರು. ತಿಂದೆ.

ಏಪ್ರಿಲ್ ೯, ಬುಧವಾರ

ಕ್ಯಾಷಿಯರ್ ಪರೀಕ್ಷೆ ಪಾಸಾದ. ತಿರುವಿನಲ್ಲಿ ನಿಧಾನಿಸಿ, ಯೋಚಿಸಿ, ತಾನೇ ತಿರುಗಿಸಿಕೊಂಡು ಹೋದನಂತೆ. ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟು, “ಈ ತಿಂಗಳು ನೀವು ನನ್ನ ಮೇಲೆ ನಂಬಿಕೆ ಇಟ್ರಿ ಮೇಡಂ,” ಅಂದ. ನಾನೇನೂ ಇಟ್ಟಿಲ್ಲ. ಅವನ ಗ್ರಹಗತಿ ಸುಧಾರಿಸಿರಬೇಕು.

ಕಾರನ್ನು ಸರ್ವೀಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ನನ್ನ ಬದಿಯ ಬ್ರೇಕಿನ ಪೆಡಲು ತೋರಿಸಿ, “ಪ್ರತಿ ಸಲ ಈ ರಬ್ಬರ್ ಸವೆದು ಹೋಗಿರ್ತಿತ್ತಲ್ಲಕ್ಕ. ಈ ಸಲ ಹೊಸದರ ಥರಾನೇ ಇದೆ. ಕ್ಲಾಸ್ ಕಮ್ಮಿ ಆಗಿದ್ಯಾ?” ಎಂದು ಕೇಳಿದ. ಕ್ಲಾಸು ಕಡಿಮೆಯೇನೂ ಆಗಿಲ್ಲ. ರಬ್ಬರ್ ಒಳ್ಳೆಯ ಕಂಪನಿಯದಿರಬೇಕು, ಇನ್ನು ಮೇಲೆ ಅದನ್ನೇ ಹಾಕು ಅಂದೆ.

ಸಂಜೆ ಅತ್ತೆ ಕೇಳಿದರು, “ಪುಟ್ಟು ಮನೆಗೆ ಯಾವಾಗ ಬರ್ತಾನಂತೆ? ಏನಾದ್ರೂ ಅಂದ್ನಾ?” ಟಿವಿಯ ಸದ್ದು ಜಾಸ್ತಿ ಮಾಡಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹೇಳಿದರೆ ಅವರು ಮಗನ ಮನೆಗೆ ಹೊರಟುಬಿಡುತ್ತಾರೆ ಎಂಬ ಭಯ ನನಗೆ, ಅಷ್ಟೇ. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಏಪ್ರಿಲ್ ೧೭, ಗುರುವಾರ

ಭಾನುವಾರ ಇಬ್ಬರೂ ಒಟ್ಟಿಗೆ ಕೂತು ಅತ್ತೆಗೆ ಹೇಳುವುದು ಎಂದು ತೀರ್ಮಾನವಾಯಿತು. ಏನು ಹೇಳಬೇಕು ಎಂದು ಅಭ್ಯಾಸ ಮಾಡಿದೆವು. ರೆಫರಿ ಅತ್ತೆಯ ಪಾತ್ರ ವಹಿಸಿದರು. ಅಷ್ಟೊಂದು ಶಾಂತವಾಗಿ ಕೂರುವ ಅತ್ತೆಯನ್ನು ನಾವು ಕಂಡಿಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ನಡುವೆ ಅವನು ತಾನಾಗಿಯೇ ಅಂದ, “ನಾನು ಮಾತು ಶುರು ಮಾಡೋ ಹೊತ್ತಿಗೆ ನೀನು ನನ್ನ ಪರವಾಗಿ ಮಾತಾಡಿ, ನನಗೆ ಉತ್ತರಾನೂ ಕೊಟ್ಟು ಮುಗಿಸಿರ್ತಿದ್ದೆ. ಆ ಮನೇಲಿ ನನ್ನ ಅಗತ್ಯ ಇಲ್ಲ ಅನ್ನಿಸ್ತು. ಮುಗೀತು.”

ತಿರುಗಿ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ಹೌದು ಅಂದ.

ನಾನು ಅಂದೆ, “ನೀನು ಮನೆ ಬಿಟ್ಟು ಹೋಗೋದನ್ನೂ ಹೇಳ್ದೆ ಹೋದೆ. ರಾತ್ರಿ ಊಟಕ್ಕೆ ನಿನ್ನ ತಟ್ಟೆ ಇಟ್ಟಿದ್ದೆ. ಮುಗೀತು.”

ಅವನು ಗೋಡೆ ನೋಡಲಿಲ್ಲ. “ನಾನು ಹೇಳ್ದೆ ಹೋದೆ. ನೀನು ತಟ್ಟೆ ಇಟ್ಕೊಂಡು ಕಾದೆ,” ಅಂದ.

“ಹೌದು,” ಅಂದೆ.

ಮೆಟ್ಟಿಲಿಳಿಯುವಾಗ, ಹೀಗೆ ಮಾತಾಡಲು ಬಂದ ಮೇಲೂ ಬೇರೆಯಾಗಬೇಕೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹೌದು. ಹದಿನೈದು ದಿನಕ್ಕೊಂದು ಗಂಟೆ ಪ್ಲಾಸ್ಟಿಕ್ ಗಿಡದ ಎದುರು ಕೂತು ಕಾಯುವುದು ಬೇರೆ, ದಿನವಿಡೀ ಕಾಯುವುದು ಬೇರೆ. ಅವನನ್ನು ಕೇಳಿದೆ. ಅವನಿಗೂ ಹಾಗೇ ಅನ್ನಿಸುತ್ತದಂತೆ. ಇದರಲ್ಲಾದರೂ ಒಮ್ಮತ ಬಂತಲ್ಲ ಎಂದು ಬಸ್ ಸ್ಟಾಪಿನವರೆಗೆ ಒಟ್ಟಿಗೇ ನಡೆದೆವು.

ಏಪ್ರಿಲ್ ೨೦, ಭಾನುವಾರ

ಹನ್ನೊಂದು ಗಂಟೆಗೆ ಬಂದ. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಮೇಜು ಅಲ್ಲಾಡುತ್ತಿತ್ತು. ಅವನು ಜೇಬಿನಿಂದ ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣದ ತುಂಡೊಂದನ್ನು ತೆಗೆದು, ಮಡಚಿ, ಕಾಲಿನ ಕೆಳಗಿಟ್ಟ. ಮೇಜು ನಿಂತಿತು.

ಮೊದಲು ಅವನೇ ಹೇಳುವುದು ಎಂದಾಗಿತ್ತು. ಅವನು ಕೈ ಕೈ ಹಿಸುಕಿಕೊಂಡ. ನಲ್ಲಿ ಸೋರುವುದು ಕೇಳುತ್ತಿತ್ತು. ನನ್ನ ಬಾಯಲ್ಲಿ ಇಡೀ ಭಾಷಣ ಸಿದ್ಧವಾಗಿತ್ತು, ಆದರೂ ತುಟಿ ಕಚ್ಚಿಕೊಂಡು ಕೂತೆ. ಅಚ್ಚಿಗೆ ಹೊಯ್ದ ಪ್ಲಾಸ್ಟರನ್ನು ಗಟ್ಟಿಯಾಗುವ ಮುಂಚೆ ಮುಟ್ಟಿದರೆ ಹಲ್ಲು ವಕ್ರವಾಗುತ್ತದೆ ಎಂದು ಅವನು ಮದುವೆಯಾದ ಹೊಸತರಲ್ಲಿ ತೋರಿಸಿಕೊಟ್ಟಿದ್ದು ನೆನಪಾಯಿತು.

“ಅಮ್ಮ,” ಅಂದ ಕೊನೆಗೆ. “ನಾವಿಬ್ರೂ ಬೇರೆ ಆಗ್ತಿದ್ದೀವಿ. ನಾನು ವಾಪಸ್ ಬರಲ್ಲ. ಅವಳದ್ದೂ ತಪ್ಪಿಲ್ಲ, ನಂದೂ ತಪ್ಪಿಲ್ಲ ಅಂತ ಹೇಳೋಕಾಗಲ್ಲ, ಇಬ್ರದ್ದೂ ಇದೆ. ನಿನಗೆ ಮೊದಲೇ ಹೇಳ್ಬೇಕಿತ್ತು. ಮುಗೀತು.”

ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಅತ್ತೆ ಕಿತ್ತಳೆಯೊಂದನ್ನು ಸುಲಿಯಲು ಶುರು ಮಾಡಿದರು. ಸುಲಿದು ಮುಗಿದರೂ ತೊಳೆಗಳನ್ನು ಬಿಡಿಸಲಿಲ್ಲ.

“ನಾನೇನು ದಡ್ಡಿನಾ?” ಅಂದರು. “ವಕೀಲರ ಲಕೋಟೆ ಬಂದಾಗ್ಲೇ ಗೊತ್ತಾಯ್ತು. ನೀವು ಬಾಯಿಬಿಟ್ಟು ಹೇಳೋವರ್ಗೂ ಆಗಿಲ್ಲ ಅಂತ ಇರಬಹುದಲ್ಲ, ಹಾಗೇ ಇದ್ದೆ. ನಿಮ್ಮ ಮಾತುಗಳನ್ನ ಇದ್ದ ಹಾಗೇ ಹೊತ್ಕೊಂಡು ಹೋಗಿದ್ರೆ ಇಬ್ರೂ ಒಬ್ರ ಮುಖ ಒಬ್ರು ನೋಡ್ತಿರ್ಲಿಲ್ಲ. ಸ್ವಲ್ಪ ಸಕ್ಕರೆ ಹಾಕಿದೆ. ಅಷ್ಟೂ ಮಾಡಬಾರದಾ?”

“ಹೊತ್ತು ಹೊತ್ತು ಸಾಕಾಗಿತ್ತಾ ಅಮ್ಮ?” ಅಂದ ಅವನು.

“ಸಾಕಾಗಿತ್ತು ಕಣೋ. ಒಂದೊಂದು ಸಲ ಮೆಟ್ಟಿಲ ಮೇಲೆ ಕೂತು ಏನು ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ಯಾರಿಗೆ ಏನು ಸುಳ್ಳು ಹೇಳಿದ್ದೀನಿ ಅಂತ ನೆನಪಿಟ್ಕೊಳ್ಳೋದು ಎಷ್ಟು ಕಷ್ಟ ಗೊತ್ತಾ?” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ. ಇನ್ನೊಂದು ಕೈ ಅವನು ಹಿಡಿದುಕೊಂಡ. ಸುಲಿದ ಕಿತ್ತಳೆ ಮೇಜಿನ ಮೇಲೆ ಉರುಳಿತು.

ಆಮೇಲೆ ಬರಬೇಕಾದ ಮಾತು ಬಂತು. “ನೀನು ಎಲ್ಲಿರ್ತೀಯ ಅಂತ ನೀನೇ ಹೇಳಮ್ಮ,” ಅಂದ ಅವನು.

ಅತ್ತೆ ನನ್ನ ಕಡೆ ತಿರುಗಿದರು. ತಿರುಗಿದ ರೀತಿಯಲ್ಲೇ ನನಗೆ ತಿಳಿಯಿತು. “ನನ್ನ ಮಂಡಿಗೆ ಕೆಳಗಿನ ಮನೆ ಬೇಕು ಕಣೇ. ಈ ಮೆಟ್ಟಿಲು ಇನ್ನು ನನ್ನ ಕೈಲಿ ಆಗಲ್ಲ.”

“ನನ್ನ ಬಿಟ್ಟು ಹೋಗ್ತಿದ್ದೀರ,” ಅಂದೆ.

“ಹಾಗಂದ್ನಾ ನಾನು?”

ಅವನು ಮೆಲ್ಲಗೆ ಅಂದ, “ತಿರುಗಿ ಹೇಳು.”

“ನಿಮ್ಮ ಮಂಡಿಗೆ ಕೆಳಗಿನ ಮನೆ ಬೇಕು,” ಅಂದೆ. ಮುಂದಿನದು ಹೊರಡಲು ಹೊತ್ತು ಹಿಡಿಯಿತು. ಇಬ್ಬರೂ ಕಾದರು. “ನನ್ನನ್ನ ಬಿಡ್ತೀನಿ ಅಂತ ನೀವು ಅಂದಿಲ್ಲ.”

“ಹೌದು. ಹಾಗೆ ಹೇಳು ಮತ್ತೆ.”

“ಕಾಗದದ ಪ್ರಕಾರ ಇನ್ನು ಮೇಲೆ ನಾನು ನಿಮ್ಮ ಸೊಸೆ ಅಲ್ಲ ಅತ್ತೆ.”

“ಮೊದಲು ನನ್ನ ಕನ್ನಡಕ ಎಲ್ಲಿದೆ ಹುಡುಕು. ಕಾಗದ ಆಮೇಲೆ ಓದೋಣ,” ಅಂದರು. “ಇನ್ನೂ ಮುಗೀಲಿಲ್ಲ ನಂದು. ಊರಿಗೆಲ್ಲ ಕಾರು ಕಲಿಸ್ತೀಯ, ನನಗೆ ಒಂದು ದಿನ ಕಲಿಸ್ತೀನಿ ಅಂದ್ಯಾ?”

“ಮಂಡಿನೋವು ಅಂದ್ಯಲ್ಲಮ್ಮ,” ಅಂದ ಅವನು.

“ಮೆಟ್ಟಿಲು ಹತ್ತೋಕೆ ಆಗಲ್ಲ ಅಂದೆ. ಪೆಡಲು ಒತ್ತೋಕೆ ಆಗಲ್ಲ ಅಂದ್ನಾ?”

ಹೋಗುವ ಮುಂಚೆ ಅವನು ಚಪ್ಪಲಿ ಗೂಡಿನ ಮೇಲಿದ್ದ ಸ್ಪ್ಯಾನರ್ ತೆಗೆದುಕೊಂಡು, “ನೋಡ್ಲಾ?” ಎಂದು ನನ್ನನ್ನು ಕೇಳಿದ. ನೋಡು ಅಂದೆ. ನಲ್ಲಿ ಈಗ ಸೋರುತ್ತಿಲ್ಲ.

ಮೇ ೩, ಶನಿವಾರ

ಅತ್ತೆಯ ಸಾಮಾನು ಹೋಯಿತು. ಹಾಸಿಗೆ, ಎಣ್ಣೆ ಸೀಸೆ, ಒಂದು ರಾಶಿ ಪ್ಲಾಸ್ಟಿಕ್ ಡಬ್ಬಿಗಳು. ಮನೆ ಬಿಕೋ ಅನ್ನುತ್ತಿದೆ. ಧಾರಾವಾಹಿ ಹಾಕಿಕೊಂಡು ಒಬ್ಬಳೇ ನಾಯಕಿಯನ್ನು ಬೈದೆ, ರುಚಿಸಲಿಲ್ಲ. ಅತ್ತೆ ಹಾಸಿಗೆ ಹಾಕುತ್ತಿದ್ದ ಜಾಗ ನೋಡಿದರೆ ಅಳು ಬಂತು. ಅತ್ತೆ, ಅಷ್ಟೇ.

ಫೋನು ಬಂತು. ಅವನು. ಅವನೇ ನನ್ನ ನಂಬರ್ ಒತ್ತಿ ಮಾಡಿದ್ದು. ಹಲೋ ಅಂದ ಮೇಲೆ ಆ ಕಡೆ ಸದ್ದಿಲ್ಲ. ಇಟ್ಟುಬಿಡಬಹುದಿತ್ತು. ಬಟ್ಟೆ ಮಡಚುತ್ತಾ ಇದ್ದೆ.

“ಅಮ್ಮನ ಧಾರಾವಾಹಿ ಯಾವ ಚಾನಲ್‌ನಲ್ಲಿ ಬರುತ್ತೆ?” ಅಂದ.

ಹೇಳಿದೆ. ಹಿಂದಿನಿಂದ ಅತ್ತೆ, “ಆ ನಾಯಕಿ ಇವತ್ತು ಏನು ಮಾಡಿದಳು ಅಂತ ಕೇಳೋ,” ಅನ್ನುವುದು ಕೇಳಿಸಿತು. “ನೀನೇ ಕೇಳಮ್ಮ,” ಎಂದು ಅವನು ಫೋನನ್ನು ಅವರ ಕೈಗೆ ಕೊಟ್ಟ.

ಮೇ ೧೧, ಭಾನುವಾರ

ಅತ್ತೆಯ ಮೊದಲ ಕ್ಲಾಸು. ಊರಾಚೆಯ ಖಾಲಿ ಮೈದಾನ. ಅವನು ಕರೆತಂದು ಬಿಟ್ಟು, ನೀರಿನ ಬಾಟಲಿ ಹಿಡಿದು ದೂರದಲ್ಲಿ ನಿಂತ. ಅತ್ತೆ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬೆನ್ನಿಗೆ ದಿಂಬು ಇಟ್ಟುಕೊಂಡು, ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡರು, ಅದೆಲ್ಲಾದರೂ ಓಡಿಹೋಗುತ್ತದೆ ಎಂಬಂತೆ.

“ಪುಟ್ಟುಗೆ ಹೇಳು, ಇನ್ನೂ ಸ್ವಲ್ಪ ದೂರ ನಿಂತ್ಕೊಳ್ಳಲಿ ಅಂತ,” ಅಂದರು.

“ನೀವೇ ಹೇಳಿ ಅತ್ತೆ.”

ಅತ್ತೆ ಕಿಟಕಿಯಿಂದ ತಲೆ ಹಾಕಿ ಕೂಗಿದರು. ಅವನು ಹಿಂದೆ ಸರಿದ. ಬಹಳ ಹಿಂದೆ ಸರಿದ.

ಕ್ಲಚ್ ಎಲ್ಲಿ, ಗೇರ್ ಎಲ್ಲಿ ಎಂದು ತೋರಿಸಿದೆ. ಅತ್ತೆ ಕಾಲು ಬಿಟ್ಟರು. ಕಾರು ಒಮ್ಮೆ ಕುಪ್ಪಳಿಸಿ, ಕೆಮ್ಮಿ, ನಿಂತುಹೋಯಿತು. ಅವರು ನನ್ನ ಕಾಲ ಬುಡ ನೋಡಿದರು.

“ನೀನು ಒತ್ತಿದ್ಯಾ?”

ನಾನೂ ನೋಡಿದೆ. ನನ್ನ ಕಾಲು ಪೆಡಲಿನ ಹತ್ತಿರವೇ ಇರಲಿಲ್ಲ. ಎರಡೂ ಪಾದ ಸೀಟಿನ ಕೆಳಗೆ ಮಡಚಿಕೊಂಡಿದ್ದವು. ಯಾವಾಗ ಮಡಚಿದೆನೋ ನೆನಪಿಲ್ಲ.

“ಇಲ್ಲ ಅತ್ತೆ. ಅದೇ ನಿಂತಿದ್ದು. ಮತ್ತೆ ಶುರು ಮಾಡಿ.”

ಅತ್ತೆ ಯೋಚಿಸತೊಡಗಿದರು. ಎದುರಿನ ಮೈದಾನ ನೋಡಿದರು, ಕನ್ನಡಿ ನೋಡಿದರು, ದೂರದಲ್ಲಿ ನಿಂತ ಮಗನನ್ನು ನೋಡಿದರು. ನಾನು ಕಾಯುತ್ತಾ ಕೂತೆ.